ಮಗುವಿನ ಫೈಮೋಸಿಸ್ ಆಪರೇಷನ್: ವಿಮೆ ಸಿಗುತ್ತದೆಯೇ, ಸರ್ಜನ್ ಫೀಸ್ ಹೇಗೆ?

ಪ್ರಶ್ನೆ (ಬದಿಯಡ್ಕ): ಮಗನಿಗೆ 6 ವರ್ಷ. ಮೂತ್ರ ಮಾಡುವಾಗ ಮುಂದೊಗಲು ಬಲೂನಿನಂತೆ ಉಬ್ಬುತ್ತದೆ, ಎರಡು ಸಲ ಕೀವಾಗಿತ್ತು. ಮಂಗಳೂರಿನಲ್ಲಿ ಫೈಮೋಸಿಸ್ (ಮುಂದೊಗಲು ಬಿಗಿಯಾಗಿ ಹಿಂದೆ ಸರಿಯದಿರುವುದು) ಎಂದು ಸುನ್ನತಿ ಆಪರೇಷನ್ ಹೇಳಿದ್ದಾರೆ. ಪಾಲಿಸಿಯಲ್ಲಿ ‘ಸುನ್ನತಿಗೆ ಇಲ್ಲ’ ಎಂದುಂಟು. ಸರ್ಜನ್ ಫೀಸ್ ಬೇರೆ ಕೊಡಬೇಕಂತೆ. ಕ್ಲೈಮ್ ಆಗಬಹುದಾ ಸರ್?

ಉತ್ತರ (ಆಸ್ಪತ್ರೆಯ ವಿಮಾ ವಿಭಾಗ): ಆ ಸಾಲನ್ನು ಕೊನೆಯವರೆಗೆ ಓದಿ. ಹೆಚ್ಚಿನ ಪಾಲಿಸಿಗಳಲ್ಲಿ ‘ಕಾಯಿಲೆಯ ಚಿಕಿತ್ಸೆಗೆ ಅಗತ್ಯವಿದ್ದರೆ ಹೊರತು’ ಎಂದು ಮುಂದುವರಿದಿರುತ್ತದೆ. ನಿಮ್ಮ ಕ್ಲೈಮ್ ನಿಲ್ಲುವುದೇ ಆ ಮಾತಿನ ಮೇಲೆ. ಹಾಗಾಗಿ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೀ ‘ಸುನ್ನತಿ’ ಎಂದಿದ್ದರೆ ಸಾಲದು. ರೋಗದ ಹೆಸರು, ಕೀವಾದ ತಾರೀಕು, ಹಚ್ಚಿದ ಮುಲಾಮು ಎಲ್ಲ ಬೇಕು. ಆಪರೇಷನಿಗೆ ಮೊದಲಿನ ಓಪಿ (ಅಡ್ಮಿಟ್ ಆಗದೆ ತೋರಿಸಿಕೊಂಡ) ಚೀಟಿಗಳಲ್ಲೂ ಅದೇ ಇರಬೇಕು. ಆಮೇಲೆ ಬರೆಸಿ ತಂದ ಪತ್ರಕ್ಕೆ ಬೆಲೆ ಕಡಿಮೆ.

ವೇಟಿಂಗ್ ಪೀರಿಯಡ್ (ಪಾಲಿಸಿ ಮಾಡಿದ ಮೇಲೆ ಕ್ಲೈಮಿಗೆ ಕಾಯಬೇಕಾದ ಅವಧಿ) ಕೂಡ ನೋಡಿಕೊಳ್ಳಿ. ಹೊಸ ಪಾಲಿಸಿಗೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೇನೂ ಇಲ್ಲ. ಕೆಲವು ಕಂಪನಿಗಳು ಫೈಮೋಸಿಸನ್ನು ಎರಡು ವರ್ಷ ಕಾಯುವ ರೋಗಗಳ ಪಟ್ಟಿಯಲ್ಲಿ ಇಟ್ಟಿವೆ.

ಇನ್ನು ಫೀಸ್. ಸರ್ಜನ್, ಅರಿವಳಿಕೆ ಡಾಕ್ಟರು, ಒಟಿ (ಆಪರೇಷನ್ ಥಿಯೇಟರ್) ಮೂರೂ ಆಸ್ಪತ್ರೆಯ ಬಿಲ್ಲಿನೊಳಗೇ ಬರುವಂತೆ ಅಡ್ಮಿಟ್ ಆಗುವ ಮೊದಲೇ ಕೇಳಿಕೊಳ್ಳಿ. ಕ್ಯಾಶ್‌ಲೆಸ್‌ನಲ್ಲಿ (ಕಂಪನಿಯೇ ಆಸ್ಪತ್ರೆಗೆ ನೇರ ಕಟ್ಟುವ ಕ್ರಮ) ಪ್ಯಾಕೇಜ್ ದರ (ಎಲ್ಲ ಸೇರಿದ ಒಟ್ಟು ದರ) ಇದ್ದರೆ ಸರ್ಜನ್ ಪಾಲು ಅದರಲ್ಲೇ ಸೇರಿರುತ್ತದೆ. ಮೇಲಿಂದ ಕೇಳಿದರೆ ಬಿಲ್ಲಿಂಗ್ ಕೌಂಟರಿನಲ್ಲಿ ಲಿಖಿತ ಕಾರಣ ಕೇಳಿ. ರಸೀದಿಯಿಲ್ಲದೆ ಕೈಯಲ್ಲಿ ಕೊಟ್ಟ ದುಡ್ಡು ವಾಪಸು ಬರುವುದಿಲ್ಲ.

ರೂಮಿನ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಪಾಲಿಸಿಯಲ್ಲಿ ರೂಮ್ ಬಾಡಿಗೆಯ ಮಿತಿ ದಿನಕ್ಕೆ 3,000 ರೂಪಾಯಿ ಇದ್ದು 4,000ದ ರೂಮು ಹಿಡಿದರೆ, ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ, ಅದೇ ಲೆಕ್ಕದಲ್ಲಿ ಸರ್ಜನ್ ಫೀಸಿನಲ್ಲೂ ಕಾಲು ಭಾಗ ಕಡಿತವಾಗಬಹುದು: 12,000ಕ್ಕೆ 9,000. ಔಷಧಿಗೆ ಈ ಕಡಿತವಿಲ್ಲ. ಬೆಳಿಗ್ಗೆ ಸೇರಿಸಿ ಸಂಜೆ ಮನೆಗೆ ಕಳಿಸುವ ಆಪರೇಷನ್ ಇದು, ದೊಡ್ಡ ರೂಮು ಯಾಕೆ? ಆದರೆ ‘ಡೇ ಕೇರ್’ ಎಂದೇ ದಾಖಲಾಗಲಿ. ಓಪಿಯಲ್ಲಿ ಮಾಡಿದ್ದೆಂದು ಬರೆದರೆ ಕ್ಲೈಮ್ ಬಿದ್ದುಹೋಗುತ್ತದೆ.

ಉತ್ತರ (ಮಕ್ಕಳ ಸರ್ಜನ್): ಒಂದು ಮಾತು ಸೇರಿಸುತ್ತೇನೆ. ಚಿಕ್ಕ ಮಕ್ಕಳಲ್ಲಿ ಮುಂದೊಗಲು ಹಿಂದೆ ಸರಿಯದಿರುವುದು ಸಹಜ, ಬರೀ ಉಬ್ಬುವುದೂ ರೋಗವಲ್ಲ. ದಯವಿಟ್ಟು ಎಳೆದು ಬಿಡಿಸಬೇಡಿ, ಬಿರುಕುಬಿಟ್ಟು ಗಾಯ ಮಾಯುವಾಗ ಮತ್ತಷ್ಟು ಬಿಗಿಯುತ್ತದೆ. ಡಾಕ್ಟರ ಸಲಹೆಯಂತೆ ಬೀಟಾಮೆಥಾಸೋನ್ ಮುಲಾಮು ದಿನಕ್ಕೆರಡು ಸಲ, 4ರಿಂದ 8 ವಾರ ಹಚ್ಚಿದರೆ ಹೆಚ್ಚಿನವರಿಗೆ ಆಪರೇಷನೇ ಬೇಡ. ತುದಿ ಬೆಳ್ಳಗಾಗಿ ಗಡುಸಾಗಿದ್ದರೆ, ಕೀವು ಮರುಕಳಿಸುತ್ತಿದ್ದರೆ ಆಗ ಬೇಕು.

ಮೇಲ್ಪ್ರಶ್ನೆ (ಉಪ್ಪಳ): ಧರ್ಮದ ಕ್ರಮಕ್ಕೆ ಮಾಡಿಸಿದರೆ?

ಉತ್ತರ (ವಿಮಾ ವಿಭಾಗ): ಅದಕ್ಕೆ ವಿಮೆ ಇಲ್ಲ ಅಣ್ಣ. ಇಲ್ಲದ ಫೈಮೋಸಿಸ್ ಬರೆಸಬೇಡಿ. ಸುಳ್ಳು ಸಿಕ್ಕಿದರೆ ಇಡೀ ಕುಟುಂಬದ ಪಾಲಿಸಿ ರದ್ದಾಗಬಹುದು. ಪ್ಯಾಕೇಜ್ ದರ ಮೊದಲೇ ಬರೆಸಿಕೊಂಡು ಕೈಯಿಂದ ಕಟ್ಟಿ.

ಬದಿಯಡ್ಕದ ಅಕ್ಕ/ಅಣ್ಣನಿಗೆ: ನಿಜವಾದ ರೋಗವಿದ್ದೂ ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ತಿಂಗಳೊಳಗೆ ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ (ವಿಮೆಯ ದೂರು ತೀರ್ಮಾನಿಸುವ ಅಧಿಕಾರಿ) ಹೋಗಬಹುದು, ಶುಲ್ಕವಿಲ್ಲ. ಚಿಕಿತ್ಸೆ ಮಂಗಳೂರಿನಲ್ಲಾದರೂ ನಿಮ್ಮ ಮನೆ ಕೇರಳದಲ್ಲಿರುವುದರಿಂದ ಅರ್ಜಿ ಕೊಚ್ಚಿಯ ಕಚೇರಿಗೆ.