ಅಜ್ಜಿಯ ಮನೆಯ ಹಂಡೆ, ಸೇರು, ಒಳಕಲ್ಲುಗಳಲ್ಲಿ ಸಕ್ಯುಲೆಂಟ್ ಗಿಡಗಳು: ರಾಯಚೂರಿನ ಬಿಸಿಲಿಗೆ ಉಳಿಯುತ್ತವೆಯೇ?

ಪ್ರಶ್ನೆ (ರಾಯಚೂರು)

ಮಾನ್ವಿ ತಾಲ್ಲೂಕಿನಲ್ಲಿರುವ ನಮ್ಮ ಅಜ್ಜಿಯ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸುತ್ತಿರುವುದರಿಂದ ಅಟ್ಟದ ಮೇಲಿದ್ದ ಸಾಮಾನುಗಳೆಲ್ಲ ನನ್ನ ಪಾಲಿಗೆ ಬಂದಿವೆ. ಒಂದು ಹಿತ್ತಾಳೆಯ ಹಂಡೆ, ಐದು ತಂಬಿಗೆಗಳು, ಜೋಳ ಅಳೆಯುತ್ತಿದ್ದ ಕಬ್ಬಿಣದ ಸೇರು, ಅಚ್ಚೇರು ಮತ್ತು ಪಾವು, ಒಂದು ಕಂದೀಲು, ಬಾಯಿ ಒಡೆದ ಎರಡು ಹರವಿಗಳು (ನೀರಿಡುವ ಮಣ್ಣಿನ ಗಡಿಗೆಗಳು), ಆರು ಮೆಟ್ಟಿಲಿನ ಮರದ ಏಣಿ ಮತ್ತು ಇಬ್ಬರು ಹಿಡಿದರೂ ಅಲುಗದ ಒಳಕಲ್ಲು. ಗುಜರಿಗೆ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಇವುಗಳಲ್ಲಿ ಸಕ್ಯುಲೆಂಟ್ ಗಿಡಗಳನ್ನು (ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಗಳು) ಬೆಳೆಸಿ ತಾರಸಿಯ ಮೇಲೆ ಮತ್ತು ಪಡಸಾಲೆಯಲ್ಲಿ ಅಂದವಾಗಿ ಜೋಡಿಸಬೇಕೆಂಬ ಆಸೆಯಿದೆ.

ಆದರೆ ಹಿಂದಿನ ಅನುಭವ ಒಳ್ಳೆಯದಲ್ಲ. ಕಳೆದ ಫೆಬ್ರವರಿಯಲ್ಲಿ ಹೂವಿನ ದಳಗಳಂತೆ ಎಲೆ ಜೋಡಿಸಿಕೊಂಡಿರುವ ಮೂರು ಎಕೆವೇರಿಯಾ ಗಿಡಗಳನ್ನು ತಂದು, ಬಿಸ್ಕತ್ತಿನ ತಗಡಿನ ಡಬ್ಬಿಯ ತಳದಲ್ಲಿ ಎರಡು ಬೆರಳಿನಷ್ಟು ಬೆಣಚುಕಲ್ಲು ಹರಡಿ, ಮೇಲೆ ನಮ್ಮ ಹೊಲದ ಎರೆಮಣ್ಣು ತುಂಬಿ ನೆಟ್ಟೆ. ಡಬ್ಬಿ ತಾರಸಿಯ ಮೋಟುಗೋಡೆಯ ಮೇಲಿತ್ತು. ಏಪ್ರಿಲ್ ಬರುವಷ್ಟರಲ್ಲಿ ಎಲೆಗಳು ಬೇಯಿಸಿದಂತೆ ಪಾರದರ್ಶಕವಾಗಿ, ಮುಟ್ಟಿದರೆ ಕಳಚಿ ಬೀಳತೊಡಗಿದವು. ತಪ್ಪು ಮಣ್ಣಿನದೋ, ಡಬ್ಬಿಯದೋ, ಬಿಸಿಲಿನದೋ? ಹಂಡೆಗೆ ತೂತು ಕೊರೆಸುವ ಮೊದಲು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಬಳ್ಳಾರಿ)

ಅಕ್ಕನವರೇ, ಮೂರರದೂ ತಪ್ಪಿದೆ. ಆದರೆ ಮೊದಲ ತಪ್ಪು ಗಿಡದ ಆಯ್ಕೆಯದು. ಸಕ್ಯುಲೆಂಟ್ ಎಂದೊಡನೆ ಮರುಭೂಮಿಯ ಗಿಡವೆಂದು ನಾವೆಲ್ಲ ತಿಳಿಯುತ್ತೇವೆ. ಆದರೆ ಎಕೆವೇರಿಯಾ ಮುಖ್ಯವಾಗಿ ಮೆಕ್ಸಿಕೋದ ಎತ್ತರದ ಬೆಟ್ಟಪ್ರದೇಶದ್ದು. ಅಲ್ಲಿ ಹಗಲು ಎಷ್ಟೇ ಬಿಸಿಲಿದ್ದರೂ ರಾತ್ರಿ ತಂಪಾಗುತ್ತದೆ. ಇಂಥ ಹೆಚ್ಚಿನ ಗಿಡಗಳು ನೀರು ಉಳಿಸಲು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ಉಸಿರಾಡುತ್ತವೆ. ನಮ್ಮ ಮೇ ತಿಂಗಳಲ್ಲಿ ನಡುರಾತ್ರಿಯಲ್ಲೂ ಗೋಡೆ ಬಿಸಿಯಾಗಿಯೇ ಇರುವುದರಿಂದ ಅವುಗಳಿಗೆ ಆ ಹೊತ್ತಿನಲ್ಲೂ ಬಿಡುವು ಸಿಗುವುದಿಲ್ಲ. ನಮ್ಮಲ್ಲಿ ತಾಳುವುದು ಲೋಳೆಸರ, ಅಡೇನಿಯಂ, ಸ್ನೇಕ್ ಪ್ಲಾಂಟ್, ಚಿಕ್ಕ ಎಲೆಯ ಪೋರ್ಟುಲಕೇರಿಯಾ ಮತ್ತು ನಮ್ಮದೇ ಮಂಗರಬಳ್ಳಿ. ಹೊಲದ ಬೇಲಿಯಲ್ಲಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಮಂಗರಬಳ್ಳಿಯನ್ನು ಯಾರೂ ಕುಂಡದಲ್ಲಿ ಇಡುವುದಿಲ್ಲ. ಕಂದೀಲಿನ ಹಿಡಿಯಿಂದ ಅದರ ನಾಲ್ಕು ಮೂಲೆಯ ಕಾಂಡಗಳು ಜೋತುಬಿದ್ದರೆ ಎಷ್ಟು ಸೊಗಸೆಂಬುದನ್ನು ಒಮ್ಮೆ ನೋಡಿ.

ಎರಡನೆಯದು ಬೆಣಚುಕಲ್ಲು. ತಳದಲ್ಲಿ ಕಲ್ಲು ಹಾಕಿದರೆ ನೀರು ಬಸಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಸಣ್ಣ ಕಣದ ಮಣ್ಣಿನಿಂದ ದಪ್ಪ ಕಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ನೆನೆದು ತುಂಬುವವರೆಗೂ ಕಲ್ಲಿನ ಮೇಲೆಯೇ ನಿಲ್ಲುತ್ತದೆ. ಹೀಗಾಗಿ ಕಲ್ಲು ಹಾಕಿದಷ್ಟೂ ಒದ್ದೆಯ ಪದರ ಬೇರಿನ ಹತ್ತಿರಕ್ಕೆ ಏರುತ್ತದೆ. ತೂತಿಲ್ಲದ ಡಬ್ಬಿಗೆ ಇದು ಪರಿಹಾರವಲ್ಲ.

ಮೂರನೆಯದು ಲೋಹ. ಏಪ್ರಿಲ್‌ನ ಮಧ್ಯಾಹ್ನ ತಗಡಿನ ಡಬ್ಬಿಯ ಬಿಸಿಲಿನ ಬದಿಗೆ ಅಂಗೈ ಇಟ್ಟು ಎಷ್ಟು ಹೊತ್ತು ತಾಳಬಹುದೋ ನೋಡಿ. ಅದರ ಇನ್ನೊಂದು ಮಗ್ಗುಲಿಗೆ ಬೇರು ಅಂಟಿಕೊಂಡಿರುತ್ತದೆ. ಆದ್ದರಿಂದ ಲೋಹದ ಪಾತ್ರೆಯನ್ನು ಕುಂಡವನ್ನಾಗಿ ಮಾಡಬೇಡಿ, ಕುಂಡದ ಹೊದಿಕೆಯನ್ನಾಗಿ ಮಾಡಿ. ತೂತಿರುವ ಮಣ್ಣಿನ ಕುಂಡವನ್ನು ಒಳಗಿಟ್ಟು, ಸುತ್ತಲೂ ಒಂದೆರಡು ಬೆರಳು ಗಾಳಿಯಾಡುವ ಜಾಗ ಬಿಡಿ. ನೀರು ಹಾಕುವಾಗ ಕುಂಡವನ್ನು ಹೊರಗೆ ತೆಗೆದು, ಬಸಿದ ಮೇಲೆ ಮರಳಿ ಇಡಿ. ಪಾವು ತೀರ ಚಿಕ್ಕದು. ಅದನ್ನು ಮನೆಯೊಳಗೆ ಪೂರ್ವದ ಕಿಟಕಿಯಲ್ಲಿ ಹಾವರ್ಥಿಯಾ ಎಂಬ ಚಿಕ್ಕ ಸಕ್ಯುಲೆಂಟ್‌ನ ಪುಟ್ಟ ಕುಂಡಕ್ಕೆ ಮಾತ್ರ ಬಳಸಿರಿ.

ಉತ್ತರ (ಸಿಂಧನೂರು)

ಹಂಡೆಗೂ ತಂಬಿಗೆಗಳಿಗೂ ತೂತು ಕೊರೆಸಲೇಬೇಡಿ. ಐದು ತಂಬಿಗೆಗಳಿವೆ ಎಂದರೆ ಅವು ಮದುವೆಯ ಸ್ನಾನದ ಶಾಸ್ತ್ರವಾದ ಸುರಗಿಗೆ ಇಟ್ಟವೇ ಇರಬೇಕು. ಮುಂದೆ ಮನೆಯಲ್ಲಿ ಮದುವೆ ಬಂದಾಗ ಹಿರಿಯರು ಮೊದಲು ಹುಡುಕುವುದು ಅವನ್ನೇ, ಆಗ ಉತ್ತರ ಕೊಡಬೇಕಾದವರು ತಾವು.

ಉತ್ತರ (ಗಂಗಾವತಿ, ಕೊಪ್ಪಳ ಜಿಲ್ಲೆ)

ತಮ್ಮಲ್ಲಿರುವ ಸಾಮಾನುಗಳಲ್ಲಿ ಈ ಗಿಡಗಳಿಗೆ ನಿಜವಾಗಿಯೂ ಹೊಂದುವುದು ಬಾಯಿ ಒಡೆದ ಆ ಎರಡು ಹರವಿಗಳು. ಕುಡಿಯುವ ನೀರನ್ನು ಹರವಿ ಹೇಗೆ ತಂಪಾಗಿಡುತ್ತಿತ್ತೋ ಹಾಗೆಯೇ ಅದರ ಸೂಕ್ಷ್ಮರಂಧ್ರಗಳಿಂದ ತೇವ ಆರಿ ಬೇರು ಕೂಡ ತಂಪಾಗಿರುತ್ತದೆ. ಒಡೆದ ಭಾಗ ಮೇಲಕ್ಕೆ ಬರುವಂತೆ ಓರೆಯಾಗಿ ಮಲಗಿಸಿ, ಬಾಯಿಯಿಂದ ಗಿಡಗಳು ಹೊರಚೆಲ್ಲಿದಂತೆ ನೆಟ್ಟರೆ ಬೇರೆ ಅಲಂಕಾರವೇ ಬೇಡ. ತೂತು ಮಾಡುವ ಮೊದಲು ಹರವಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಯಿಡಿ. ಮರುದಿನ ಗೋಣಿಚೀಲದ ಮೇಲೆ ಮಲಗಿಸಿ, ಗೋಡೆಗೆ ಬಳಸುವ ಡ್ರಿಲ್ ಮೊನೆಯನ್ನು ಸುತ್ತಿಗೆಯ ಬಡಿತವಿಲ್ಲದಂತೆ ನಿಧಾನವಾಗಿ ತಿರುಗಿಸುತ್ತ, ತೂತಿನ ಜಾಗಕ್ಕೆ ಹನಿಹನಿಯಾಗಿ ನೀರು ಬಿಡಬೇಕು. ಕೊನೆಯ ಅರ್ಧ ಸೆಂಟಿಮೀಟರ್‌ನಲ್ಲಿ ಕೈಯ ಒತ್ತಡ ಪೂರ್ತಿ ಸಡಿಲಿಸಿ. ನನ್ನ ಮೊದಲ ಹರವಿ ಒಡೆದದ್ದು ಅಲ್ಲಿಯೇ.

ಎರೆಮಣ್ಣನ್ನು ಹಿಡಿಯಷ್ಟೂ ಸೇರಿಸಬೇಡಿ. ಹತ್ತಿಗೂ ಜೋಳಕ್ಕೂ ಅದು ಚಿನ್ನ, ಏಕೆಂದರೆ ತೇವವನ್ನು ವಾರಗಟ್ಟಲೆ ಹಿಡಿದಿಡುತ್ತದೆ. ಇಲ್ಲಿ ಅದೇ ಗುಣ ಬೇರನ್ನು ಕೊಳೆಸುತ್ತದೆ, ಒಣಗಿದಾಗ ಬಿರುಕುಬಿಟ್ಟು ಎಳೆಯ ಬೇರನ್ನು ಹರಿಯುತ್ತದೆ. ನಾನು ಒಂದು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಕುಟ್ಟಿ ಜರಡಿ ಹಿಡಿದ ಇಟ್ಟಿಗೆ ಚೂರು, ಒಂದು ಪಾಲು ಅಕ್ಕಿ ಗಿರಣಿಯ ಸುಟ್ಟ ಹೊಟ್ಟು ಮತ್ತು ಒಂದು ಹಿಡಿ ಹಳೆಯ ಸಗಣಿ ಗೊಬ್ಬರ ಬೆರೆಸುತ್ತೇನೆ. ನಮ್ಮೂರಿನಲ್ಲೂ ಸಿಂಧನೂರಿನಲ್ಲೂ ಗಿರಣಿಗಳಿಗೆ ಬರವಿಲ್ಲ. ಪೂರ್ತಿ ಬೆಳ್ಳಗಾದ ಬೂದಿಯನ್ನು ಬಿಟ್ಟು, ಆಕಾರ ಉಳಿದಿರುವ ಕಪ್ಪು ಹೊಟ್ಟನ್ನು ಮಾತ್ರ ಆರಿಸಿ ಎರಡು ಸಲ ತೊಳೆಯಿರಿ. ಬೂದಿ ಕ್ಷಾರವಾಗಿದ್ದು, ಮಣ್ಣಿನ ಸಂದುಗಳನ್ನೂ ಮುಚ್ಚಿಬಿಡುತ್ತದೆ.

ನೀರಿನ ಬಗ್ಗೆ ಒಂದು ಮಾತು. ಕುಡಿಯುವ ನೀರು ಶುದ್ಧಿ ಮಾಡುವ ಆರ್‌ಓ ಯಂತ್ರ ಹೊರಹಾಕುವ ನೀರು ವ್ಯರ್ಥವಾಗುತ್ತದೆಂದು ಅನೇಕರು ಕುಂಡಗಳಿಗೆ ಸುರಿಯುತ್ತಾರೆ. ಅದು ಕೊಳವೆಬಾವಿಯ ನೀರಿಗಿಂತಲೂ ಉಪ್ಪಾಗಿರುತ್ತದೆ. ಹರವಿಯ ಹೊರಮೈಯಲ್ಲಿ ಕೆಲವೇ ದಿನಗಳಲ್ಲಿ ಬಿಳಿಯ ಪೊರೆ ಕಟ್ಟಿದರೆ ಕಾರಣ ಅದೇ ಎಂದು ತಿಳಿಯಿರಿ.

ಏಣಿಯನ್ನು ಪೂರ್ವಕ್ಕೆ ಮುಖಮಾಡಿದ ಗೋಡೆಗೆ ಒರಗಿಸಿದರೆ ಬೆಳಗಿನ ಎಳೆಬಿಸಿಲು ಸಿಕ್ಕು ಮಧ್ಯಾಹ್ನ ನೆರಳಾಗುತ್ತದೆ. ಕಾಲುಗಳ ಕೆಳಗೆ ಚಪ್ಪಡಿಯ ತುಂಡುಗಳನ್ನು ಇಡದಿದ್ದರೆ ಗೆದ್ದಲು ಬಿಡುವುದಿಲ್ಲ.

ಮರುಪ್ರಶ್ನೆ (ರಾಯಚೂರು)

ಎಲ್ಲರಿಗೂ ಕೃತಜ್ಞತೆಗಳು. ತಂಬಿಗೆಗಳ ವಿಷಯವನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಏನೂ ಮಾತನಾಡದೆ ಐದನ್ನೂ ಎತ್ತಿಕೊಂಡು ಹೋಗಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಇನ್ನು ಉಳಿದಿರುವುದು ಒಳಕಲ್ಲು. ಅದಕ್ಕೆ ತೂತು ಹಾಕಿಸಬಹುದೇ?

ಉತ್ತರ (ಬಳ್ಳಾರಿ)

ಹಾಕಿಸಬಹುದು, ಆದರೆ ಅಗತ್ಯವಿಲ್ಲ. ಕುಳಿಯಲ್ಲಿ ಮೂರು ಇಟ್ಟಿಗೆ ಚೂರುಗಳನ್ನಿಟ್ಟು, ಅವುಗಳ ಮೇಲೆ ಅಗಲ ಬಾಯಿಯ ಮಣ್ಣಿನ ಕುಂಡವನ್ನು ಕೂರಿಸಿ ಅದರಲ್ಲಿ ಒಂದು ಅಡೇನಿಯಂ ನೆಡಿ. ಅದರ ಉಬ್ಬಿದ ಬುಡಕ್ಕೂ ಕಲ್ಲಿಗೂ ಜೋಡಿ ಚೆನ್ನಾಗಿರುತ್ತದೆ. ಅದರ ಹಾಲು ವಿಷಕಾರಿ, ಆದ್ದರಿಂದ ಕತ್ತರಿಸಿದ ಮೇಲೆ ಕೈ ತೊಳೆಯಿರಿ. ಮಳೆಗಾಲದಲ್ಲಿ ಮಾತ್ರ ಎರಡು ದಿನಕ್ಕೊಮ್ಮೆ ಕುಂಡವನ್ನೆತ್ತಿ ಕುಳಿಯ ನೀರನ್ನು ಬಟ್ಟೆಯಿಂದ ಹೀರಿ ತೆಗೆಯಬೇಕು. ಇಲ್ಲವಾದರೆ ಸೊಳ್ಳೆಗಳನ್ನು ಸಾಕಿದಂತಾಗುತ್ತದೆ. ಒಳಕಲ್ಲನ್ನು ತಾರಸಿಗೆ ಹತ್ತಿಸುವ ಯೋಚನೆ ಮಾಡದೆ, ಹೊಸ ಮನೆಯ ಬಾಗಿಲ ಪಕ್ಕದಲ್ಲಿ ಬೆಳಗಿನ ಬಿಸಿಲು ಬೀಳುವ ಕಡೆ ಇರಿಸಿಬಿಡಿ.