ಸ್ಕೂಟರ್‌ಗೆ ಯಾವ ಆಯಿಲ್ ಅಂತ ಕೇಳಿದ್ದಕ್ಕೆ

ಮಗಾ, ನಿನ್ನ ಮೆಸೇಜ್ ಈಗ ನೋಡಿದೆ. ಅಂಗಡಿಯಲ್ಲಿ ಗಿರಾಕಿ ಜಾಸ್ತಿ ಇದ್ದರು. ಟೈಪ್ ಮಾಡಿದರೆ ಅರ್ಧ ಬಿಟ್ಟು ಹೋಗುತ್ತೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ. ಭಾವಾರು, ಅಣ್ಣ, ನೀವೂ ಪೂರ್ತಿ ಕೇಳಿ. ಬೆಳಿಗ್ಗೆಯಿಂದ ಗ್ರೂಪಿನಲ್ಲಿ ಎಲ್ಲರ ಗಾಡಿ ಮಾತೂ ಬಂದಿದೆ.

ನೀನು ಕೇಳಿದ್ದು ನಿನ್ನ ಹೆಂಡತಿಯ ಆಕ್ಟಿವಾ ಸ್ಕೂಟರಿಗೆ ಯಾವ ಇಂಜಿನ್ ಆಯಿಲ್ ಹಾಕಿಸಬೇಕು ಅಂತ. ಓಣಿಯ ಮೆಕ್ಯಾನಿಕ್ ಹೇಳಿದನಂತೆ, ದಾವಣಗೆರೆ ಬಿಸಿಲಿಗೆ ತೆಳು ಆಯಿಲ್ ನಿಲ್ಲಲ್ಲ, 20ಡಬ್ಲ್ಯೂ-50 ಅನ್ನೋ ಮಂದ ಆಯಿಲ್ ಹಾಕಿಸಿ ಅಂತ. ಭಾವಾರು, ಆಯಿಲ್ ಕಪ್ಪಾಗಿದೆ, ಮೊದಲು ಅದನ್ನ ತೆಗೆಸು ಅಂದರು. ಬೆಂಗಳೂರಿನ ಅಳಿಯಂದಿರು, ಫುಲ್ ಸಿಂಥೆಟಿಕ್ ಹಾಕಿಸಿ 15 ಸಾವಿರ ಕಿಲೋಮೀಟರ್ ಮರೆತುಬಿಡಿ ಅಂದರು. ಅಣ್ಣ ಅಂತೂ, ಟ್ರ್ಯಾಕ್ಟರಿಗೆ ತಂದ ಡ್ರಮ್ ಇದೆ, ಎಲ್ಲರೂ ಅದರಲ್ಲೇ ಒಯ್ಯಿರಿ ಅಂದ. ಇಷ್ಟೆಲ್ಲಾ ಮಾತಾಯಿತು, ಆದರೆ ಆ ಸ್ಕೂಟರಿನಲ್ಲಿ ಈಗ ಆಯಿಲ್ ಎಷ್ಟಿದೆ ಅಂತ ಒಬ್ಬರೂ ಕೇಳಲಿಲ್ಲ. ನನಗೆ ಚಿಂತೆ ಆಗಿದ್ದು ಅದೇ.

ನೋಡು, ಈ ಅಂಗಡಿ ಕೌಂಟರಿನಲ್ಲಿ ಕೂತು ನಾನು ಕಂಡಿರೋದು ಹೇಳ್ತೀನಿ. ಬ್ಲಾಕ್ ಪಿಸ್ಟನ್ ಕೊಡಿ ಅಂತ ಬರುವವರಿಗೆ ಏನಾಯ್ತು ಅಂತ ಕೇಳಿದರೆ, ಯಾವುದೋ ಕಂಪನಿಯ ಆಯಿಲ್ ಹಾಕಿದ್ದಕ್ಕೆ ಇಂಜಿನ್ ಕೆಟ್ಟಿತು ಅನ್ನೋರು ಅಪರೂಪ. ಬಿಚ್ಚಿದಾಗ ಒಳಗೆ ಆಯಿಲ್ಲೇ ಇರಲಿಲ್ಲ ಅನ್ನೋರೇ ಜಾಸ್ತಿ. ಒಳ್ಳೆ ಹೆಸರಿನ ಆಯಿಲ್ ಕಡಿಮೆ ಇರೋದಕ್ಕಿಂತ ಸಾಧಾರಣ ಕಂಪನಿಯ ಸರಿಯಾದ ಗ್ರೇಡ್ ಆಯಿಲ್ ಪೂರ್ತಿ ಇರೋದು ಎಷ್ಟೋ ಮೇಲು.

ಹಾಗಾಗಿ ನಾಳೆ ಬೆಳಿಗ್ಗೆ ಮೊದಲು ಇದನ್ನ ಮಾಡು. ಸ್ಕೂಟರ್‌ನ ಸಮ ನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸು. ಸೈಡ್ ಸ್ಟ್ಯಾಂಡಿನಲ್ಲಿ ನೋಡಬೇಡ, ಗಾಡಿ ವಾಲಿರುತ್ತೆ, ಲೆವೆಲ್ ತಪ್ಪು ತೋರಿಸುತ್ತೆ. ಮೂರ್ನಾಲ್ಕು ನಿಮಿಷ ಸ್ಟಾರ್ಟ್ ಮಾಡಿ ಸುಮ್ನೆ ಬಿಡು, ರೇಸ್ ಕೊಡಬೇಡ. ಆಫ್ ಮಾಡಿ ಇನ್ನೆರಡು ಮೂರು ನಿಮಿಷ ಕಾಯಿ, ಮೇಲೆ ಹೋದ ಆಯಿಲ್ ಕೆಳಗೆ ಇಳಿಯಬೇಕು. ಆಮೇಲೆ ಆಯಿಲ್ ಮುಚ್ಚಳ ತಿರುಗಿಸಿ ತೆಗೆ, ಅದರ ತುದಿಗೇ ಗೇಜ್ ಕಡ್ಡಿ ಇದೆ. ಒಣ ಬಟ್ಟೆಯಲ್ಲಿ ಒರೆಸು. ಈಗ ಮತ್ತೆ ತೂತಿನಲ್ಲಿ ಇಡು, ಆದರೆ ತಿರುಗಿಸಬೇಡ. ಸುಮ್ನೆ ಇಟ್ಟು ತೆಗೆ. ಬಹಳ ಜನ ಇಲ್ಲಿ ಮುಚ್ಚಳ ಪೂರ್ತಿ ಬಿಗಿ ಮಾಡಿ ನೋಡುತ್ತಾರೆ. ಆಗ ಕಡ್ಡಿ ಇನ್ನಷ್ಟು ಒಳಗೆ ಹೋಗಿ, ಕಡಿಮೆ ಇರೋ ಆಯಿಲ್ಲೂ ಸರಿ ಇದ್ದ ಹಾಗೆ ಕಾಣುತ್ತೆ. ಕಡ್ಡಿ ಮೇಲೆ ಎರಡು ಗೆರೆ ಇರುತ್ತೆ, ಆಯಿಲ್ ಅದರ ನಡುವೆ ಇರಬೇಕು, ಮೇಲಿನ ಗೆರೆ ಹತ್ತಿರ ಇದ್ದರೆ ಒಳ್ಳೇದು. ಕೆಳಗಿನ ಗೆರೆಗಿಂತ ಕೆಳಗಿದ್ದರೆ ಗಾಡಿ ಹೊರಗೆ ತೆಗೆಯಬೇಡ, ನನಗೆ ಫೋನ್ ಮಾಡು.

ಬುಲೆಟ್ ಇರೋರು, ಪಲ್ಸರ್ ಇರೋರು ಕಡ್ಡಿ ಹುಡುಕಬೇಡಿ, ಸುಮಾರು ಮಾಡೆಲ್‌ಗಳಲ್ಲಿ ಇಂಜಿನ್ ಪಕ್ಕ ಸಣ್ಣ ಗಾಜಿನ ಕಿಟಕಿ ಇರುತ್ತೆ. ಅದರಲ್ಲೂ ಗಾಡಿ ನೆಟ್ಟಗೆ ನಿಂತಿರಬೇಕು. ಕಾರಿನದು ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ನೋಡಿದರೂ ನಡೆಯುತ್ತೆ. ಕಾರಿನ ಕಡ್ಡಿಯನ್ನ ಮಾತ್ರ ಪೂರ್ತಿ ಒಳಗೆ ತಳ್ಳಿಯೇ ತೆಗೆಯಬೇಕು. ಹದಿನೈದು ದಿನಕ್ಕೊಮ್ಮೆ ಸಾಕು. ಹೆಣ್ಣುಮಕ್ಕಳೂ ಕಲಿಯಿರಿ, ಇದರಲ್ಲಿ ಏನೂ ಕಷ್ಟ ಇಲ್ಲ. ದಿನಾ ಗಾಡಿ ಓಡಿಸೋರು ನೀವು, ಗೊತ್ತಿರಬೇಕಾದ್ದೂ ನಿಮಗೇ.

ಈಗ ಭಾವಾರು ಹೇಳಿದ ಕಪ್ಪು ಬಣ್ಣ. ಭಾವಾರೇ, ಆಯಿಲ್ ಕಪ್ಪಾಗೋದು ತಪ್ಪಲ್ಲ. ಅದರಲ್ಲಿ ಮಸಿ, ಕೊಳೆ ಎಳೆದು ಹಿಡಿದುಕೊಳ್ಳೋ ಔಷಧ ಸೇರಿಸಿರುತ್ತಾರೆ. ಕೊಳೆ ಇಂಜಿನ್‌ಗೆ ಅಂಟೋ ಬದಲು ಆಯಿಲ್‌ಗೆ ಬಂತು ಅಂದ್ರೆ ಅದು ಕೆಲಸ ಮಾಡ್ತಿದೆ ಅಂತಲೇ ಅರ್ಥ. ಡೀಸೆಲ್ ಗಾಡಿಯಲ್ಲಂತೂ ಹೊಸ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುತ್ತೆ. ಹೆದರಬೇಕಾದ್ದು ಬೇರೆ. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಕಾರಿನಲ್ಲಿ ಹಾಗಾದರೆ ಇಂಜಿನ್ ತಣ್ಣಗಿಡೋ ಕೂಲಂಟ್ ಆಯಿಲ್ಲಿಗೆ ಇಳಿಯುತ್ತಿರಬಹುದು, ಇಂಜಿನ್ ಮೇಲ್ಭಾಗದ ಸಂದು ಮುಚ್ಚೋ ಹೆಡ್ ಗ್ಯಾಸ್ಕೆಟ್ ಹೋಗಿರೋ ಅನುಮಾನ, ಆ ಗಾಡಿ ಓಡಿಸಲೇಬಾರದು. ಕಡ್ಡಿ ಮೂಸಿದರೆ ಪೆಟ್ರೋಲ್ ವಾಸನೆ ಜೋರಾಗಿ ಬರುತ್ತಾ, ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದರೆ ಲೋಹದ ಪುಡಿ ಮಿಂಚುತ್ತಾ, ಅದನ್ನೂ ನೋಡಿ. ಮತ್ತೆ ಲೆವೆಲ್ ಪದೇ ಪದೇ ಇಳಿಯುತ್ತಿದ್ದರೆ ಎರಡೇ ದಾರಿ. ಒಂದೋ ಸೋರುತ್ತಿದೆ, ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿದರೆ ಬೆಳಿಗ್ಗೆ ಗೊತ್ತಾಗುತ್ತೆ. ಇಲ್ಲಾ ಇಂಜಿನ್ ಕುಡಿಯುತ್ತಿದೆ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರುತ್ತೆ.

ಇನ್ನು ಗ್ರೇಡ್, ಅಂದರೆ ಆಯಿಲ್ ಎಷ್ಟು ತೆಳು, ಎಷ್ಟು ಮಂದ ಅನ್ನೋದು. ನಿನ್ನ ಸ್ಕೂಟರಿಗೆ ಕಂಪನಿ ಹೇಳಿರೋದು 10ಡಬ್ಲ್ಯೂ-30, ಎಂಬಿ (ಎಂಬಿ ಏನು ಅಂತ ಮುಂದೆ ಹೇಳ್ತೀನಿ). ಅದನ್ನೇ ಹಾಕಿಸು. ಮೊದಲನೇ ಸಂಖ್ಯೆ ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದಕ್ಕೆ. ಎರಡನೇ ಸಂಖ್ಯೆ 100 ಡಿಗ್ರಿಯಲ್ಲಿ ಎಷ್ಟು ಮಂದ ಇರುತ್ತೆ ಅನ್ನೋದಕ್ಕೆ. ನಮ್ಮೂರಲ್ಲಿ ಏಪ್ರಿಲ್‌ನಲ್ಲಿ 38, 39 ಡಿಗ್ರಿ ಅಂತ ನಾವು ಬೇಯುತ್ತೀವಿ. ಆದರೆ ಇಂಜಿನ್ ಒಳಗೆ ಆಯಿಲ್ ಬಿಸಿ 100ರ ಆಸುಪಾಸಿಗೆ ಹೋಗಿರುತ್ತೆ. ಆ ಲೆಕ್ಕ ಹಾಕಿಯೇ ಕಂಪನಿಯವರು ಗ್ರೇಡ್ ಕೊಟ್ಟಿರೋದು. ಮಂದ ಆಯಿಲ್ ಹಾಕಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲೆ ಹೆಡ್‌ವರೆಗೆ ಏರೋಕೆ ತಡ ಆಗುತ್ತೆ. ಇಂಜಿನ್ ಜಾಸ್ತಿ ಸವೆಯೋದೇ ಆ ಸ್ಟಾರ್ಟ್ ಹೊತ್ತಿನಲ್ಲಿ. ಮೈಲೇಜೂ ಬೀಳುತ್ತೆ. ಪಲ್ಸರ್‌ನಂಥ ಕೆಲವು ಬೈಕಿಗೆ 20ಡಬ್ಲ್ಯೂ-50 ಬರುತ್ತೆ, ಬುಲೆಟ್ಟಿಗೆ 15ಡಬ್ಲ್ಯೂ-50 ಬರುತ್ತೆ, ಅವುಗಳ ಇಂಜಿನ್ ಮಾಡಿರೋದೇ ಹಾಗೆ. ಮೆಕ್ಯಾನಿಕ್ ಹತ್ತಿರ ಆ ಡಬ್ಬಿ ಯಾವಾಗಲೂ ತೆರೆದಿರುತ್ತೆ, ಅದಕ್ಕೆ ಎಲ್ಲರಿಗೂ ಅದನ್ನೇ ಹೇಳಿಬಿಡುತ್ತಾನೆ.

ಎಂಎ, ಎಂಬಿ ಅಂದರೆ ಬೈಕ್, ಸ್ಕೂಟರ್ ಆಯಿಲ್ಲಿನ ಎರಡು ಬಗೆ, ಈ ವಿಷಯ ಬೈಕ್ ಇರೋರು ಚೆನ್ನಾಗಿ ಕೇಳಿ. ಬೈಕಿನ ಕ್ಲಚ್ ಪ್ಲೇಟ್ ಇಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತೆ, ಅದಕ್ಕೆ ಎಂಎ ಅಥವಾ ಎಂಎ2 ಬೇಕು. ಸ್ಕೂಟರಿನ ಕ್ಲಚ್ ಒಣಗಿರುತ್ತೆ, ಅದಕ್ಕೆ ಜಾರಿಕೆ ಜಾಸ್ತಿ ಇರೋ ಎಂಬಿ. ಬೈಕಿಗೆ ಎಂಬಿಯನ್ನೋ ಕಾರಿನ ಆಯಿಲನ್ನೋ ಹಾಕಿದರೆ ಕ್ಲಚ್ ಜಾರಬಹುದು. ಎಕ್ಸಲರೇಟರ್ ಕೊಟ್ಟರೆ ಇಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ. ತಿರುಗಾ ಮುರುಗಾ ಆಗಿ ಸ್ಕೂಟರಿಗೆ ಎಂಎ ಬಿದ್ದರೆ ಏನೂ ಮುರಿಯಲ್ಲ, ಗಾಬರಿ ಬೇಡ, ಮುಂದಿನ ಸಲ ಸರಿ ಮಾಡಿದರಾಯಿತು.

ಇನ್ನೊಂದು. ಸ್ಕೂಟರಿನ ಹಿಂದಿನ ಚಕ್ರದ ಹತ್ತಿರ ಗೇರ್ ಆಯಿಲ್ ಬೇರೆಯೇ ಇದೆ. ನೂರು ಎಂಎಲ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದನ್ನ ಯಾರೂ ಕೇಳೋದಿಲ್ಲ, ಹಾಕೋನೂ ನೆನಪಿಸೋದಿಲ್ಲ. ಸರ್ವಿಸ್‌ಗೆ ಬಿಟ್ಟಾಗ ನೀನೇ ಬಾಯಿ ಬಿಟ್ಟು ಕೇಳು.

ಅಳಿಯಂದಿರು ಹೇಳಿದ್ದಕ್ಕೆ ಬರ್ತೀನಿ. ಸಿಂಥೆಟಿಕ್ ಒಳ್ಳೆ ಆಯಿಲ್ಲೇ, ಬಿಸಿ ತಡೆಯುತ್ತೆ, ಬೇಗ ಕೆಡಲ್ಲ. ಈಗಿನ ಬಹಳಷ್ಟು ಟರ್ಬೊ ಕಾರುಗಳಿಗೆ ಅದೇ ಬೇಕು. ಆದರೆ ಅದು ಹಾಕಿದೆ ಅಂತ ಮ್ಯಾನುವಲ್‌ನಲ್ಲಿರೋ ಕಿಲೋಮೀಟರ್ ದಾಟಿಸೋದು ಸರಿಯಲ್ಲ, ವಾರಂಟಿ ಇರೋ ಗಾಡಿಗಂತೂ ಆಮೇಲೆ ತಕರಾರಾಗುತ್ತೆ. ಇಲ್ಲಿ ಓಡೋ ಬಹಳಷ್ಟು ಕಾರುಗಳಿಗೆ 10 ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲು ಬರುತ್ತೋ ಅದು. ಸ್ಕೂಟರ್, ಬೈಕುಗಳಿಗೆ ಹೆಚ್ಚಾಗಿ 3 ಸಾವಿರದಿಂದ 6 ಸಾವಿರದೊಳಗೆ ಇರುತ್ತೆ, ನಿನ್ನ ಪುಸ್ತಕದಲ್ಲಿ ನೋಡು. ಈ ‘ಒಂದು ವರ್ಷ’ ಅನ್ನೋ ಲೆಕ್ಕವನ್ನ ನಮ್ಮ ಮನೆಯಲ್ಲಿ ಯಾರೂ ತಲೆಗೆ ಹಾಕಿಕೊಳ್ಳಲ್ಲ. ನಿನ್ನ ಹೆಂಡತಿ ವಿದ್ಯಾನಗರದಿಂದ ಮಗುವಿನ ಸ್ಕೂಲಿಗೆ, ಅಲ್ಲಿಂದ ತರಕಾರಿಗೆ, ಮನೆಗೆ. ಒಂದೊಂದು ಓಡಾಟ ಎರಡು ಕಿಲೋಮೀಟರ್ ದಾಟಲ್ಲ. ಇಂಜಿನ್ ಪೂರ್ತಿ ಬಿಸಿ ಆಗೋ ಮುಂಚೆ ಆಫ್ ಆಗುತ್ತೆ. ಒಳಗೆ ಕೂತ ನೀರಿನ ಪಸೆ, ಸುಡದೆ ಉಳಿದ ಪೆಟ್ರೋಲ್ ಆವಿಯಾಗಿ ಹೋಗಲ್ಲ, ಆಯಿಲ್‌ನಲ್ಲೇ ಸೇರುತ್ತೆ. ದಿನಾ ಹೈವೇಲಿ ಚಿತ್ರದುರ್ಗಕ್ಕೆ ಹೋಗಿ ಬರೋರ ಗಾಡಿ ಮೀಟರ್ ಜಾಸ್ತಿ ತೋರಿಸಿದರೂ ಅದರ ಆಯಿಲ್ ಕಿಲೋಮೀಟರ್ ಲೆಕ್ಕದಲ್ಲಿ ಇದಕ್ಕಿಂತ ಚೆನ್ನಾಗಿರುತ್ತೆ. ಆದ್ದರಿಂದ ಮೀಟರ್ ಓಡಿಲ್ಲ ಅಂತ ಬಿಡಬೇಡ, ತಿಂಗಳು ನೋಡಿ ಬದಲಿಸು.

ಮೆಕ್ಕೆಜೋಳದ ಕಾಲದಲ್ಲಿ ಜಗಳೂರು ಕಡೆ ಓಡಾಡೋರು ಏರ್ ಫಿಲ್ಟರನ್ನೂ ನೋಡಿಸಿ. ರಸ್ತೆ ಮೇಲೇ ತೆನೆ ಒಕ್ಕುತ್ತಾರೆ, ಆ ಧೂಳು ಫಿಲ್ಟರ್ ದಾಟಿದರೆ ಆಯಿಲ್‌ಗೆ ಮರಳು ಬೆರೆಸಿದ ಲೆಕ್ಕವೇ.

ಅಣ್ಣ, ನಿನ್ನ ಡ್ರಮ್ ಬಗ್ಗೆ ಖಡಾಖಂಡಿತ ಹೇಳ್ತೀನಿ, ಬೇಸರ ಮಾಡಿಕೋಬೇಡ. ಅದರಲ್ಲಿರೋ 15ಡಬ್ಲ್ಯೂ-40 ನಿನ್ನ ಟ್ರ್ಯಾಕ್ಟರಿಗೆ ಸರಿ. ನಿನ್ನ ಹೊಸ ಡೀಸೆಲ್ ಕಾರಿಗೆ ಅದನ್ನ ಒಂದು ಹನಿಯೂ ಹಾಕಬೇಡ. 2020ರ ಏಪ್ರಿಲ್‌ನಿಂದ ಬಂದಿರೋ ಬಿಎಸ್6 ಅನ್ನೋ ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆ ಸೋಸೋಕೆ ಡಿಪಿಎಫ್ ಅಂತ ಇರುತ್ತೆ. ಟ್ರ್ಯಾಕ್ಟರಿನ ಆಯಿಲ್ ಸುಟ್ಟರೆ ಬೂದಿ ಜಾಸ್ತಿ ಬೀಳುತ್ತೆ, ಅದು ಡಿಪಿಎಫ್‌ನಲ್ಲಿ ಹೋಗಿ ಕಟ್ಟಿಕೊಳ್ಳುತ್ತೆ. ಮಸಿ ಆದರೆ ಕಾರು ತಾನೇ ಸುಟ್ಟುಕೊಳ್ಳುತ್ತೆ, ಬೂದಿ ಸುಡಲ್ಲ. ಆ ಭಾಗ ಬದಲಿಸೋ ಖರ್ಚಿನ ಮುಂದೆ ಡ್ರಮ್‌ನಲ್ಲಿ ಉಳಿಸಿದ ದುಡ್ಡು ಏನೂ ಅಲ್ಲ. ಅದಕ್ಕೆ ಬೂದಿ ಕಡಿಮೆ ಬೀಳೋ ಆಯಿಲ್ಲೇ ಬೇಕು. ಡಬ್ಬಿ ಮೇಲೆ ಎಸಿಇಎ ಸಿ2, ಸಿ3 ಅಂತ ಯೂರೋಪಿನ ಗುಣಮಟ್ಟದ ಗುರುತು ಬರೆದಿರುತ್ತೆ, ನಿನ್ನ ಮ್ಯಾನುವಲ್‌ನಲ್ಲಿ ಯಾವುದಿದೆಯೋ ಅದು.

ಬದಲಿಸುವಾಗ ಹತ್ತಿರ ನಿಂತು ನೋಡು ಮಗಾ. ಇಂಜಿನ್ ಸ್ವಲ್ಪ ಬೆಚ್ಚಗಿದ್ದಾಗ ತೆಗೆಸಿದರೆ ಹಳೇದು ಪೂರ್ತಿ ಇಳಿಯುತ್ತೆ. ಹಳೇ ಆಯಿಲ್ ಇಳಿಸೋ ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿಸು, ಅದಕ್ಕೇನೂ ದೊಡ್ಡ ದುಡ್ಡಿಲ್ಲ. ಬೋಲ್ಟನ್ನ ಉದ್ದ ಪಾನಾ ಹಿಡಿದು ಜಗ್ಗಿ ಬಿಗಿ ಮಾಡೋಕೆ ಬಿಡಬೇಡ. ಅಲ್ಲಿರೋದು ಅಲ್ಯೂಮಿನಿಯಂ, ತ್ರೆಡ್ ಹೋಯಿತು ಅಂದರೆ ಸೋರೋದು ನಿಲ್ಲಲ್ಲ. ಮುಖ್ಯ, ನಿನ್ನ ಸ್ಕೂಟರ್ ಒಂದು ಲೀಟರಿಗಿಂತ ಕಡಿಮೆ ಹಿಡಿಯುತ್ತೆ. ಲೀಟರ್ ಬಾಟಲಿ ತಂದಿದ್ದಾರೆ ಅಂತ ಪೂರ್ತಿ ಸುರಿದುಬಿಡುತ್ತಾರೆ. ಜಾಸ್ತಿ ಆದರೂ ಕಷ್ಟವೇ, ಒಳಗೆ ನೊರೆ ಏಳುತ್ತೆ, ಸೀಲ್‌ನಿಂದ ಹೊರಗೆ ಬರುತ್ತೆ. ಸ್ಕೂಟರಿಗೆ ಅಂತಲೇ 800 ಎಂಎಲ್ ಪ್ಯಾಕ್ ಸಿಗುತ್ತೆ, ಅದನ್ನ ತಗೋ. ಅದನ್ನೂ ಕಡ್ಡಿ ನೋಡಿಕೊಂಡೇ ಹಾಕಬೇಕು. ಬಾಟಲಿಯ ಸೀಲ್ ನಿನ್ನ ಕಣ್ಣೆದುರು ಒಡೆಯಲಿ. ಖಾಲಿ ಬಾಟಲಿಗೆ ಅಲ್ಲೇ ಬ್ಲೇಡ್ ಹಾಕಿ ಸೀಳಿಸು. ಇಲ್ಲದಿದ್ದರೆ ಅದೇ ಬಾಟಲಿಯಲ್ಲಿ ಕಲಬೆರಕೆ ತುಂಬಿ ಇನ್ನೊಬ್ಬರಿಗೆ ಮಾರೋರಿದ್ದಾರೆ.

ತೆಗೆದ ಹಳೇ ಆಯಿಲನ್ನ ಚರಂಡಿಗೆ ಬಿಡಬೇಡಿ, ಮನೆಗೂ ತರಬೇಡಿ. ಭಾವಾರು ಹಿತ್ತಲ ಬಾಗಿಲಿಗೆ ಗೆದ್ದಲು ಹಿಡಿಯದಿರಲಿ ಅಂತ ಬರಿಗೈಯಲ್ಲಿ ಬಳಿಯುತ್ತಾರಂತೆ, ಅಕ್ಕ ಹೇಳಿದಳು. ದಯವಿಟ್ಟು ನಿಲ್ಲಿಸಿ ಭಾವಾರೇ. ಸುಟ್ಟ ಆಯಿಲ್‌ನಲ್ಲಿ ಕ್ಯಾನ್ಸರ್ ತರೋ ಅಂಶಗಳಿರುತ್ತೆ, ಚರ್ಮಕ್ಕೆ ಪದೇ ಪದೇ ಹತ್ತಬಾರದು. ಗ್ಯಾರೇಜಿನ ಹಳೇ ಆಯಿಲ್ ಡ್ರಮ್ಮಿಗೆ ಹಾಕಿದರೆ ಶುದ್ಧ ಮಾಡೋ ಕಡೆಗೆ ಹೋಗುತ್ತೆ.

ಮಗಾ, ಬೆಳಿಗ್ಗೆ ಕಡ್ಡಿ ಫೋಟೋ, ಜೊತೆಗೆ ಮ್ಯಾನುವಲ್‌ನಲ್ಲಿ ಆಯಿಲ್ ಬಗ್ಗೆ ಇರೋ ಪುಟದ ಫೋಟೋ ಎರಡನ್ನೂ ಇಲ್ಲೇ ಹಾಕು, ಹತ್ತು ಗಂಟೆಗೆ ಅಂಗಡಿ ತೆಗೆದ ತಕ್ಷಣ ನೋಡ್ತೀನಿ. ಅಣ್ಣ, ಕಾರಿಗೆ ಈಗಾಗಲೇ ಡ್ರಮ್ ಆಯಿಲ್ ಹಾಕಿದ್ದೀಯಾ ಇಲ್ವಾ ಅಂತ ಇವತ್ತೇ ರಾತ್ರಿ ತಿಳಿಸು.