ಅಕ್ವಾಪೋನಿಕ್ಸ್ (ಮೀನು ಸಾಕಿದ ನೀರಿನಲ್ಲೇ ಗಿಡ ಬೆಳೆಸುವುದು): ಬಸಳೆ ಚಿಗುರು ಹಳದಿ, ಸುಣ್ಣ ಹಾಕಲಾ?

ಪ್ರಶ್ನೆ (ಕಾಪು): ಮೇಡಂ, ನಮಸ್ಕಾರ. ಹಿತ್ತಿಲಲ್ಲಿ 1000 ಲೀಟರ್ ಟ್ಯಾಂಕಿಗೆ ತಿಲಾಪಿಯ ಮೀನು ಬಿಟ್ಟಿದ್ದೇವೆ. ಆ ನೀರು ಜಲ್ಲಿ ತುಂಬಿದ ತೊಟ್ಟಿಗೆ ಹೋಗಿ ವಾಪಸ್ ಬರುತ್ತದೆ, ಅದರಲ್ಲೇ ಬಸಳೆ, ಹರಿವೆ. ಮೊದಲು ಚೆನ್ನಾಗಿ ಬಂತು. ಈಗ ಬಸಳೆ ಚಿಗುರೆಲ್ಲ ಹಳದಿ, ನರ ಮಾತ್ರ ಹಸಿರು. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆ ಆದರೆ ಆಮ್ಲ) 5.8, ಅಮೋನಿಯ ಏರುತ್ತಾ ಇದೆ. ಗೊಬ್ಬರ ಸಾಲದೆಂದು ಮೀನಿಗೆ ತಿಂಡಿ ಜಾಸ್ತಿ ಮಾಡಲಾ? ಸುಣ್ಣ ಹಾಕಲಾ?

ಉತ್ತರ: ಎರಡೂ ಬೇಡ. ಸುಣ್ಣವಂತೂ ಬೇಡವೇ ಬೇಡ.

ಮೀನಿನ ಅಮೋನಿಯವನ್ನು ಜಲ್ಲಿಯ ಬ್ಯಾಕ್ಟೀರಿಯಗಳು ನೈಟ್ರೈಟ್ ಮಾಡಿ, ಆಮೇಲೆ ಗಿಡಕ್ಕೆ ಬೇಕಾದ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ನಮ್ಮ ಕಡೆಯ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಾವಿ ನೀರು ಮೊದಲೇ ಮೆದು, ಆಮ್ಲವನ್ನು ತಡೆದುಕೊಳ್ಳುವ ಕ್ಷಾರ ಅದರಲ್ಲಿ ಕಡಿಮೆ. ಹಾಗಾಗಿ ಪಿಎಚ್ ಇಳಿಯುತ್ತಾ ಹೋಗಿ, 6ರ ಕೆಳಗೆ ಬ್ಯಾಕ್ಟೀರಿಯಗಳೇ ಸುಸ್ತಾಗುತ್ತವೆ, ಅಮೋನಿಯ ಉಳಿಯುತ್ತದೆ. ಆದರೆ ಆಮ್ಲದ ನೀರಿನಲ್ಲಿ ಅದು ಹೆಚ್ಚಾಗಿ ಅಷ್ಟೊಂದು ವಿಷವಲ್ಲದ ಅಮೋನಿಯಂ ರೂಪದಲ್ಲಿರುವುದರಿಂದ ಮೀನು ಬದುಕಿವೆ. ಸುಣ್ಣ ಸುರಿದು ಪಿಎಚ್ ಒಮ್ಮೆಲೇ ಏರಿಸಿದರೆ ಅದೇ ವಿಷದ ಅಮೋನಿಯ ಆಗುತ್ತದೆ, ಬೆಳಿಗ್ಗೆ ನೋಡುವಾಗ ಮೀನೆಲ್ಲ ಮೇಲೆ ತೇಲುತ್ತಿರುತ್ತವೆ.

ಕೆಲವು ದಿನ ತಿಂಡಿ ಅರ್ಧಕ್ಕೆ ಇಳಿಸಿ, ದಿನಕ್ಕೆ ಸ್ವಲ್ಪ ಸ್ವಲ್ಪ ನೀರು ಬದಲಿಸಿ. ಮರುವಾಯಿ (ಕಪ್ಪೆಚಿಪ್ಪು) ತಿಂದು ಉಳಿದ ಚಿಪ್ಪು ಮನೆಯಲ್ಲಿ ಉಂಟಲ್ಲ? ಚೆನ್ನಾಗಿ ತೊಳೆದು ಕುದಿಸಿ, ಬಲೆಚೀಲದಲ್ಲಿ ಕಟ್ಟಿ ನೀರು ಬೀಳುವ ಜಾಗದಲ್ಲಿ ಇಳಿಬಿಡಿ. ಆಮ್ಲ ಇದ್ದಷ್ಟು ಹೊತ್ತು ನಿಧಾನ ಕರಗುತ್ತದೆ, ಪಿಎಚ್ ಸರಿಯಾದ ಮೇಲೆ ಕರಗುವುದು ತಾನಾಗಿ ಕಡಿಮೆಯಾಗುತ್ತದೆ. 6.5ರಿಂದ 7ರೊಳಗೆ ನಿಂತರೆ ಸಾಕು.

ಹೊಸ ಎಲೆ ಹಳದಿ, ನರ ಹಸಿರು ಅಂದರೆ ಕಬ್ಬಿಣದ ಕೊರತೆ. ಮೀನಿನ ತಿಂಡಿಯಲ್ಲಿ ಗಿಡಕ್ಕೆ ಸಾಕಾಗುವಷ್ಟು ಕಬ್ಬಿಣ ಇರುವುದಿಲ್ಲ. ಡಿಟಿಪಿಎ ಚಿಲೇಟೆಡ್ ಕಬ್ಬಿಣ (ನೀರಿನಲ್ಲಿ ಕರಗಿಯೇ ಉಳಿಯುವ ಹಾಗೆ ಮಾಡಿದ ಕಬ್ಬಿಣದ ಪುಡಿ) ತನ್ನಿ. ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣದ ಲೆಕ್ಕ. ಪುಡಿಯಲ್ಲಿ ಕಬ್ಬಿಣ ಶೇ. 11 ಇದ್ದರೆ ನಿಮ್ಮ ಟ್ಯಾಂಕಿಗೆ ಸುಮಾರು 18 ಗ್ರಾಂ ಪುಡಿ. ನೀರು ಕಷಾಯದ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ. ಹಳದಿಯಾದ ಎಲೆ ಪೂರ್ತಿ ಸರಿಯಾಗಲಿಕ್ಕಿಲ್ಲ, ಮುಂದೆ ಬರುವ ಚಿಗುರು ನೋಡಿ.

ಪ್ರಶ್ನೆ (ಅದೇ ಮನೆಯವರು): ಮುರಕಲ್ಲಿನ ಕೆಂಪೇ ಕಬ್ಬಿಣ ಅಲ್ಲವಾ ಮೇಡಂ?

ಉತ್ತರ: ಹೌದು, ಆದರೆ ಅದು ತುಕ್ಕು. ನೀರಿನಲ್ಲಿ ಕರಗದ್ದು ಬೇರಿಗೆ ಸಿಗುವುದಿಲ್ಲ.

ಪ್ರಶ್ನೆ (ಕಾರ್ಕಳ): ನಮ್ಮ ಟ್ಯಾಂಕ್ ಅಡಿಕೆ ತೋಟದ ಬದಿಯಲ್ಲೇ. ತೊಂದರೆ ಉಂಟಾ?

ಉತ್ತರ: ಮಳೆಗಾಲದಲ್ಲಿ ಉಂಟು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಇರುತ್ತದೆ. ತಾಮ್ರ ಮೀನಿಗೆ ವಿಷ, ಮೆದು ನೀರಿನಲ್ಲಂತೂ ಇನ್ನೂ ಜೋರು. ಮದ್ದು ಬಿಡುವ ದಿನ ಟ್ಯಾಂಕ್, ತೊಟ್ಟಿ ಎರಡನ್ನೂ ಟಾರ್ಪಾಲಿನಲ್ಲಿ ಮುಚ್ಚಿ. ಅಡಿಕೆ ಮರದಿಂದ ತೊಟ್ಟಿಕ್ಕುವ ಮಳೆನೀರೂ ಒಳಗೆ ಬೀಳಬಾರದು. ನಮ್ಮ ಮಳೆಗೆ ಮೇಲೊಂದು ಶೀಟ್ ಹೇಗೂ ಬೇಕು. ಏರ್ ಪಂಪಿಗೆ ಬ್ಯಾಟರಿಯೂ ಇರಲಿ, ಗಾಳಿಮಳೆಯ ರಾತ್ರಿ ಕರೆಂಟು ಹೋದರೆ ಮೀನಿಗೆ ಉಸಿರು ಕಟ್ಟುತ್ತದೆ.

ಪ್ರಶ್ನೆ (ಸುರತ್ಕಲ್): ಇದರಲ್ಲಿ ದುಡ್ಡು ಆಗ್ತದಾ ಮೇಡಂ?

ಉತ್ತರ: ಮಲ್ಪೆ, ಮಂಗಳೂರು ದಕ್ಕೆಯ (ಮೀನುಗಾರಿಕೆ ಬಂದರಿನ) ಬೂತಾಯಿ, ಬಂಗುಡೆ ಇರುವಾಗ ನಿಮ್ಮ ತಿಲಾಪಿಯ ಯಾರು ಕೇಳ್ತಾರೆ ಮಾರಾಯ್ರೆ! ಮನೆಖರ್ಚಿಗೆ, ಸೊಪ್ಪು ಮಾರುವುದಕ್ಕೆ ಆದೀತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆಗ ಬೇಡಿಕೆ ಉಂಟು. ಆ ಹೊತ್ತಿಗೆ ಮೀನು ಹಿಡಿಯಲು ಸಿಗಬೇಕಾದರೆ ಡಿಸೆಂಬರ್-ಜನವರಿಯಲ್ಲೇ ಮರಿ ಬಿಡಿ. ತಿಲಾಪಿಯ ಆದರೆ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಅನುಮತಿ ಕೇಳಿಕೊಳ್ಳಿ.